ಲಿವರಿನ ಬಾಗಿಲು ಮತ್ತು ಹೆಪಟೈಟಿಸ್ ಬಿ

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯಲ್ಲಿ ದುಡಿಯುವ ಯುವಕನೊಬ್ಬ ರಕ್ತದಾನ ಮಾಡಿದ ಎಂದುಕೊಳ್ಳಿ. ದಾನದ ರಕ್ತವನ್ನು ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳಿಗಾಗಿ ಪರೀಕ್ಷಿಸಲೇಬೇಕೆಂಬ ನಿಯಮವಿದೆ. ಕೆಲವು ದಿನಗಳಲ್ಲಿ ಕರೆ ಬರುತ್ತದೆ: ‘ಎಚ್‌ಬಿಎಸ್‌ಎಜಿ ಪಾಸಿಟಿವ್’. ಅವನಿಗೆ ಜ್ವರವಿಲ್ಲ, ಕಣ್ಣು ಹಳದಿಯಾಗಿಲ್ಲ. ಆದರೂ ರೂಮಿನ ಗೆಳೆಯರು ಅವನ ತಟ್ಟೆ, ಲೋಟ ಬೇರೆ ಇಡುತ್ತಾರೆ. ಊರಿನಲ್ಲಿ ನಿಶ್ಚಯವಾದ ಮದುವೆ ಮುರಿಯುವ ಮಾತೂ ಏಳುತ್ತದೆ. ಈ ಭಯದಲ್ಲಿ ಎಷ್ಟು ನಿಜವಿದೆ ಎಂದು ತಿಳಿಯಲು ವೈರಸ್ ಲಿವರಿನೊಳಗೆ ಏನು ಮಾಡುತ್ತದೆಂದು ನೋಡಬೇಕು.

ವೈರಸ್ ತನ್ನಷ್ಟಕ್ಕೆ ತಾನು ಬೆಳೆಯಲಾರದು. ನಮ್ಮ ಜೀವಕೋಶದ ಪ್ರೋಟೀನ್‌ಗಳೇ ಅದಕ್ಕೆ ಆಸರೆ. ನಾವು ತಿಂದ ಎಣ್ಣೆ, ತುಪ್ಪ ಜೀರ್ಣವಾಗಲು ನೆರವಾಗುವ ಪಿತ್ತಲವಣಗಳು ಕರುಳಿನಲ್ಲಿ ಕೆಲಸ ಮುಗಿಸಿ ರಕ್ತದ ಮೂಲಕ ಲಿವರಿಗೆ ಮರಳುತ್ತವೆ. ಅವನ್ನು ಒಳಗೆ ಬಿಟ್ಟುಕೊಳ್ಳಲು ಲಿವರಿನ ಜೀವಕೋಶಗಳ ಮೇಲೆ ಎನ್‌ಟಿಸಿಪಿ ಎಂಬ ಪ್ರೋಟೀನ್ ಇದೆ. ಹೆಪಟೈಟಿಸ್ ಬಿ ವೈರಸ್ ಇದೇ ಬಾಗಿಲಿಗೆ ಅಂಟಿಕೊಂಡು ಒಳಸೇರುತ್ತದೆ. ಇದನ್ನು 2012ರಲ್ಲಿ ಬೀಜಿಂಗ್‌ನ ಲೀ ವೆನ್‌ಹುಯಿ ಅವರ ತಂಡ ಪತ್ತೆ ಮಾಡಿತು.

ಆ ಬಾಗಿಲಿಗೆ ತಲುಪಬೇಕಾದರೆ ವೈರಸ್ ಮೊದಲು ರಕ್ತ ಸೇರಬೇಕು. ಒಂದೇ ತಟ್ಟೆಯಲ್ಲಿ ಉಂಡರೆ, ಮುಸಾಫಹಾ ಮಾಡಿದರೆ, ಪಕ್ಕದಲ್ಲಿ ನಿಂತು ನಮಾಜ್ ಮಾಡಿದರೆ ಅದು ಹರಡುವುದಿಲ್ಲ. ರಕ್ತ, ದೈಹಿಕ ಸಂಪರ್ಕ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ, ಹೀಗೆ ಹರಡುತ್ತದೆ. ಆದ್ದರಿಂದ ತಟ್ಟೆಯ ಬಗ್ಗೆ ಇರುವ ಎಚ್ಚರ ಬ್ಲೇಡಿನ ಬಗ್ಗೆ ಇರಲಿ. ಮೈಯಿಂದ ಹೊರಬಿದ್ದ ಮೇಲೂ ಈ ವೈರಸ್ ಕನಿಷ್ಠ ಏಳು ದಿನ ಬದುಕಬಲ್ಲದು. ಖತ್ನಾ, ಹಿಜಾಮಾ, ಕಿವಿ ಚುಚ್ಚುವುದು, ಕ್ಷೌರ, ಯಾವುದೇ ಇರಲಿ, ಹೊಸ ಬ್ಲೇಡಿನ ಕವರ್ ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಕೇಳಲು ಸಂಕೋಚ ಬೇಡ.

ಒಳಹೊಕ್ಕ ವೈರಸ್ ಜೀವಕೋಶದ ಕೇಂದ್ರದಲ್ಲಿ ತನ್ನ ಡಿಎನ್‌ಎಯನ್ನು ಉಂಗುರದಂತೆ ಮಾಡಿ, ನಮ್ಮ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳಿಗೇ ಸುತ್ತಿಬಿಡುತ್ತದೆ. ಇಂಥ ಪರಕೀಯ ಉಂಗುರದ ಬಾಯಿ ಮುಚ್ಚಿಸಲು ಜೀವಕೋಶದಲ್ಲಿ ಒಂದು ಕಾವಲು ಪ್ರೋಟೀನ್ ಗುಂಪಿದೆ. ವೈರಸ್‌ನ ‘ಎಕ್ಸ್’ ಪ್ರೋಟೀನ್ ಜೀವಕೋಶದ್ದೇ ಕಸ ವಿಲೇವಾರಿ ಯಂತ್ರವನ್ನು ಹಿಡಿದು ಆ ಕಾವಲುಗಾರನನ್ನೇ ಕಸಕ್ಕೆ ಹಾಕಿಸುತ್ತದೆ! ಟೆನೊಫೊವಿರ್‌ನಂಥ ಮಾತ್ರೆ ಹೊಸ ವೈರಸ್ ತಯಾರಾಗದಂತೆ ತಡೆಯುತ್ತದೆ, ಉಂಗುರವನ್ನು ಅಳಿಸುವುದಿಲ್ಲ. ರಿಪೋರ್ಟ್ ಚೆನ್ನಾಗಿದೆಯೆಂದು ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟರೆ ಕಾಯಿಲೆ ಮತ್ತೆ ಕೆರಳುವುದು ಇದರಿಂದಲೇ. ಪಾಸಿಟಿವ್ ಬಂದ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಅದನ್ನು ಮುಂದಿನ ಪರೀಕ್ಷೆಗಳು ಹೇಳುತ್ತವೆ. ಹೆಪಟೈಟಿಸ್ ಸಿ ಇಂಥ ಉಂಗುರ ಬಿಡುವುದಿಲ್ಲ. ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ಅದು ಪೂರ್ತಿ ಗುಣವಾಗುತ್ತದೆ.

ಇನ್ನೊಂದು ವಿಷಯ. ಬಿ ವೈರಸ್ ಜೀವಕೋಶವನ್ನು ತಾನೇ ಕೊಲ್ಲುವುದು ಕಡಿಮೆ. ಸೋಂಕಿತ ಜೀವಕೋಶಗಳ ಮೇಲೆ ನಮ್ಮ ರೋಗನಿರೋಧಕ ಪಡೆ ಎರಗಿದಾಗ ಲಿವರ್ ಕೆಡುತ್ತದೆ. ಎರಗದಿದ್ದರೆ ವರ್ಷಗಟ್ಟಲೆ ಯಾವ ಲಕ್ಷಣವೂ ಇರದು, ಕೊನೆಗೆ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಿ ಕಾಣಿಸಬಹುದು. ಕಾಮಾಲೆಗೆ ನಾಟಿ ಮದ್ದು ಕುಡಿದು ವಾಸಿಯಾಯಿತು ಎನ್ನುವವರು ಬಹಳ. ಕಲುಷಿತ ನೀರು, ಆಹಾರದಿಂದ ಬರುವ ಎ ಮತ್ತು ಇ ಬಗೆಯ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಬೇರಿಗೆ. (ಗರ್ಭಿಣಿಯರಿಗೆ ಇ ಬಗೆ ಬಹಳ ಅಪಾಯ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.)

ಇನ್ನು ಮದುವೆ. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ವೈರಸ್‌ನ ಹೊದಿಕೆಯನ್ನು ಹಿಡಿದು, ಅದು ಬಾಗಿಲು ಮುಟ್ಟದಂತೆ ಮಾಡುತ್ತವೆ. ಹುಡುಗಿಗೆ ಪರೀಕ್ಷೆ ಮಾಡಿಸಿ, ಸೋಂಕಿಲ್ಲದಿದ್ದರೆ ಮೂರು ಡೋಸ್ ಹಾಕಿಸಿ: ಮೊದಲನೆಯದರ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ನಂಟು ಕಡಿಯಬೇಕಿಲ್ಲ. ನವಜಾತ ಶಿಶುವಿನ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಹುಟ್ಟುವಾಗ ಸೋಂಕು ತಗುಲಿದ 100 ಮಕ್ಕಳಲ್ಲಿ ಸುಮಾರು 90 ಮಂದಿಗೆ ಅದು ಶಾಶ್ವತವಾಗಿ ಉಳಿಯುತ್ತದೆ, ದೊಡ್ಡವರಲ್ಲಿ 5ಕ್ಕಿಂತ ಕಡಿಮೆ. ಗರ್ಭಿಣಿಗೆ ಪರೀಕ್ಷೆ, ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ, ತಾಯಿ ಪಾಸಿಟಿವ್ ಇದ್ದರೆ ಜೊತೆಗೆ ಇಮ್ಯುನೊಗ್ಲಾಬುಲಿನ್ ಚುಚ್ಚುಮದ್ದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ, ಸಿ ಎರಡಕ್ಕೂ ತಪಾಸಣೆ, ಔಷಧ ಉಚಿತ. ಬಿಡದಿ ಸುತ್ತಮುತ್ತಲಿನವರು ರಾಮನಗರದ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ; ಹಳೆಯ ರಿಪೋರ್ಟುಗಳನ್ನು ಜೊತೆಗೆ ಒಯ್ಯಿರಿ.