ನೆಲನೆಲ್ಲಿಯೂ ಕಾಮಾಲೆ ವೈರಸ್ಸಿನ ಡಿ.ಎನ್.ಎ.ಯೂ

ಕಣ್ಣು ಹಳದಿಯಾಯಿತೆಂದರೆ ಕನ್ನಡಿಗರ ಮನೆಗಳಲ್ಲಿ ಮೊದಲು ನೆನಪಾಗುವುದು ನೆಲನೆಲ್ಲಿ. ಊರಿನ ಹಿತ್ತಿಲಿನಲ್ಲಿ ತಾನಾಗಿ ಬೆಳೆಯುವ ಈ ಪುಟ್ಟ ಗಿಡವೇ ಚೆನ್ನೈಯಲ್ಲಿ ಕೀಳಾನೆಲ್ಲಿ ಎಂಬ ಹೆಸರಿನಿಂದ ಪರಿಚಿತವಾಗಿದೆ. ಅದನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಸುವ ರೂಢಿ ಎರಡು ನಾಡುಗಳಿಗೂ ಸಮಾನ. ಈ ಗಿಡವನ್ನು ಆಧುನಿಕ ವೈದ್ಯವಿಜ್ಞಾನದ ಪರೀಕ್ಷೆಗೆ ಒಡ್ಡಿದ ಪ್ರಯೋಗಾಲಯವೊಂದು ಪೆರುಂಗುಡಿಯ ನೆರೆಯ ತರಮಣಿಯಲ್ಲಿಯೇ ಇದೆಯೆಂಬುದು ಅಲ್ಲಿನ ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು.

ಕಾಮಾಲೆ ಒಂದೇ ರೋಗವಲ್ಲ. ಕಲುಷಿತ ನೀರಿನಿಂದ ಬರುವ ಎ ಮತ್ತು ಇ ಬಗೆಯ ಕಾಮಾಲೆಗಳು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ಕೀರ್ತಿ ಮಾತ್ರ ಸೊಪ್ಪಿಗೆ ಸಲ್ಲುತ್ತದೆ! ರಕ್ತ, ಸೂಜಿ, ಲೈಂಗಿಕ ಸಂಪರ್ಕ ಹಾಗೂ ತಾಯಿಯಿಂದ ಶಿಶುವಿಗೆ ಹರಡುವ ಹೆಪಟೈಟಿಸ್ ಬಿ ವೈರಸ್ಸಿನ ನಡತೆ ಬೇರೆ.

ಆ ವೈರಸ್ಸಿನ ಡಿ.ಎನ್.ಎ. ಅತಿ ಚಿಕ್ಕದು. ಮಾನವನ ಆನುವಂಶಿಕ ಲಿಪಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ ಇದರಲ್ಲಿ ಇರುವುದು ಸುಮಾರು 3,200 ಮಾತ್ರ. ಉಂಗುರದಂತಿರುವ ಅದರ ಎರಡು ಎಳೆಗಳಲ್ಲಿ ಒಂದು ಅಪೂರ್ಣ. ಯಕೃತ್ತಿನ ಜೀವಕೋಶವನ್ನು ಹೊಕ್ಕ ಬಳಿಕ ಅದು ಕೋಶಕೇಂದ್ರವನ್ನು ಸೇರುತ್ತದೆ. ತನ್ನ ಡಿ.ಎನ್.ಎ.ಯನ್ನು ದುರಸ್ತಿ ಮಾಡಿಕೊಳ್ಳಲೆಂದು ಜೀವಕೋಶ ಇಟ್ಟುಕೊಂಡಿರುವ ಕಿಣ್ವಗಳೇ ಈ ಅತಿಥಿಯ ಅರೆಎಳೆಯನ್ನೂ ಪೂರ್ಣಗೊಳಿಸುತ್ತವೆ. ಮನೆಯವರೇ ಕಳ್ಳನಿಗೆ ಬೀಗ ಮಾಡಿಕೊಟ್ಟಂತೆ! ಹೀಗೆ ಮುಚ್ಚಿಕೊಂಡ ಉಂಗುರವು ಕೋಶಕೇಂದ್ರದಲ್ಲಿ ವರ್ಷಗಟ್ಟಲೆ ಉಳಿದು, ಹೊಸ ವೈರಸ್ಸುಗಳಿಗೆ ಅಚ್ಚಾಗುತ್ತದೆ. ಜೊತೆಗೆ ಡಿ.ಎನ್.ಎ. ಇಲ್ಲದ ಬರಿಯ ಹೊರಕವಚಗಳು ಹೇರಳವಾಗಿ ರಕ್ತಕ್ಕೆ ಸುರಿಯುತ್ತವೆ. ಬರೂಚ್ ಬ್ಲೂಂಬರ್ಗ್ ಅವರು 1960ರ ದಶಕದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡದ್ದು ಈ ಕವಚದ ಪ್ರೋಟೀನನ್ನೇ. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ನೆಲನೆಲ್ಲಿಯ ಸಾರವು ಈ ವೈರಸ್ಸಿನ ಡಿ.ಎನ್.ಎ. ನಿರ್ಮಿಸುವ ಕಿಣ್ವವನ್ನು ಪ್ರನಾಳದಲ್ಲಿ ತಡೆಯುತ್ತದೆಂದು ಬ್ಲೂಂಬರ್ಗ್ ಮತ್ತು ಸಂಗಡಿಗರು 1987ರಲ್ಲಿ ವರದಿ ಮಾಡಿದರು. ಮರುವರ್ಷ ತರಮಣಿಯ ಡಾ. ಎ.ಎಲ್. ಮುದಲಿಯಾರ್ ಸ್ನಾತಕೋತ್ತರ ಮೂಲ ವೈದ್ಯವಿಜ್ಞಾನ ಸಂಸ್ಥೆಯ ಡಾ. ಎಸ್.ಪಿ. ತ್ಯಾಗರಾಜನ್ ಮತ್ತು ಸಹೋದ್ಯೋಗಿಗಳು ಬ್ಲೂಂಬರ್ಗ್ ಅವರೊಡಗೂಡಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಸೋಂಕನ್ನು ಹೊತ್ತಿರುವವರಿಗೆ 30 ದಿನಗಳ ಕಾಲ ಒಣಗಿದ ಗಿಡದ ಪುಡಿಯನ್ನು ಕೊಟ್ಟಾಗ 37 ಜನರಲ್ಲಿ 22 ಮಂದಿಯ ರಕ್ತದಿಂದ ಕವಚದ ಪ್ರೋಟೀನು ಮರೆಯಾಗಿತ್ತು. ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಗಿತ್ತು. ಅಜ್ಜಿಯ ಮದ್ದಿಗೆ ವಿಜ್ಞಾನದ ಮುದ್ರೆ ಬಿತ್ತೆಂದು ಎಲ್ಲೆಡೆ ಹರ್ಷ ಮೂಡಿದ್ದರೆ ಅಚ್ಚರಿಯೇನು?

ಆದರೆ ವಿಜ್ಞಾನದಲ್ಲಿ ಒಂದು ಸಾಕ್ಷ್ಯ ಸಾಲದು. 1990ರಲ್ಲಿ ಥೈಲೆಂಡಿನಿಂದಲೂ 1994ರಲ್ಲಿ ನ್ಯೂಜಿಲೆಂಡಿನಿಂದಲೂ ಬಂದ ವರದಿಗಳಲ್ಲಿ ಆ ಫಲ ಕಾಣಲಿಲ್ಲ. ಗಿಡ ಬೆಳೆದ ನೆಲ, ಕೊಯ್ಲಿನ ಕಾಲ ಇವುಗಳಿಂದ ವ್ಯತ್ಯಾಸವಾಗಿರಬಹುದೆಂಬ ವಾದವುಂಟು. ತರಮಣಿಯವರ ಶ್ರಮವನ್ನು ಹಗುರಾಗಿ ಕಾಣಬೇಕಿಲ್ಲ. ಮನೆಮದ್ದನ್ನು ಹುಸಿಮದ್ದಿನ ಎದುರು ತೂಗಿ ನೋಡುವ ಧೈರ್ಯವೇ ದೊಡ್ಡದು. ಆದರೂ ರಕ್ತದಿಂದ ಕವಚ ಮರೆಯಾದ ಮಾತ್ರಕ್ಕೆ ಯಕೃತ್ತಿನೊಳಗಿನ ಉಂಗುರ ಅಳಿಯಿತೆಂದು ಹೇಳಲಾಗದು. ಇಂದು ಬಳಕೆಯಲ್ಲಿರುವ ಟೆನೊಫೊವಿರ್, ಎಂಟಿಕಾವಿರ್ ಗುಳಿಗೆಗಳು ಸಹ ಹೊಸ ಡಿ.ಎನ್.ಎ. ತಯಾರಿಕೆಯನ್ನು ತಡೆಯುತ್ತವೆಯೇ ಹೊರತು ಉಂಗುರವನ್ನು ನೇರವಾಗಿ ನಾಶಮಾಡುವುದಿಲ್ಲ. ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಿದರೆ ವೈರಸ್ಸು ಮತ್ತೆ ತಲೆಯೆತ್ತುವುದು ಇದರಿಂದಲೇ.

ಸೋಂಕುಳ್ಳ ಅನೇಕರ ಕಣ್ಣು ಎಂದೂ ಹಳದಿಯಾಗುವುದಿಲ್ಲ. ಹಲವು ವರ್ಷಗಳ ಅನಂತರ ಯಕೃತ್ತು ಗಡುಸಾದಾಗಲೋ ಅರ್ಬುದ ತಲೆದೋರಿದಾಗಲೋ ಸಂಗತಿ ಬಯಲಾಗುತ್ತದೆ. ಸೋಂಕಿದೆಯೇ ಎಂಬುದನ್ನು ಕವಚದ ಪ್ರೋಟೀನಿನ ರಕ್ತಪರೀಕ್ಷೆ ತಿಳಿಸಿದರೆ, ವೈರಸ್ಸು ಎಷ್ಟು ಚುರುಕಾಗಿದೆಯೆಂಬುದನ್ನು ಡಿ.ಎನ್.ಎ. ಪ್ರಮಾಣದ ಪರೀಕ್ಷೆ ತಿಳಿಸುತ್ತದೆ.

ಪ್ರಾಯದವರಿಗೆ ತಗಲಿದ ಸೋಂಕು ಬಹುತೇಕ ಗುಣವಾಗುತ್ತದೆ. ಹುಟ್ಟುವಾಗ ತಗಲಿದರೆ ನೂರರಲ್ಲಿ ಸುಮಾರು 90 ಶಿಶುಗಳಲ್ಲಿ ಅದು ದೀರ್ಘಕಾಲ ನೆಲೆಸುತ್ತದೆ. ಆದುದರಿಂದ ಹುಟ್ಟಿದ 24 ಗಂಟೆಗಳೊಳಗೆ ಮೊದಲ ಲಸಿಕೆ ಬೀಳಬೇಕು. ತಾಯಿಗೆ ಸೋಂಕಿದ್ದರೆ ಶಿಶುವಿಗೆ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಪೆರುಂಗುಡಿಯಿಂದ ಮೈಸೂರಿಗೋ ಶಿವಮೊಗ್ಗಕ್ಕೋ ಹೆರಿಗೆಗಾಗಿ ತವರಿಗೆ ಹೊರಡುವ ಮಗಳ ಚೀಲದಲ್ಲಿ ಸೀರೆಗಳ ಜೊತೆಗೆ ಆ ರಕ್ತಪರೀಕ್ಷೆಯ ಚೀಟಿಯೂ ಇರಲಿ. ಅಲ್ಲಿನ ವೈದ್ಯರು ಮೊದಲು ಕೇಳುವವುಗಳಲ್ಲಿ ಅದೂ ಒಂದು.