ಫೀನಿಕ್ಸ್ ಹಿತ್ತಿಲಿನ ಪೀಚ್ ಮರಗಳು

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ಪೀಚ್ ಬೆಳೆಯುತ್ತೇನೆ ಎಂದರೆ ಊರಿನವರು ಮೊದಲು ವಿಚಾರಿಸುವುದು ಬಿಸಿಲಿನ ಬಗ್ಗೆ. ವಿಚಾರಿಸುವಂಥ ಬಿಸಿಲೇ ಅದು. 2023ರಲ್ಲಿ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಸತತ 31 ದಿನ ಇಲ್ಲಿ ಉಷ್ಣಾಂಶ 43 ಡಿಗ್ರಿ ದಾಟಿತ್ತು. ಆದರೆ ಮರದಲ್ಲಿ ಹಣ್ಣು ಹಿಡಿಯುತ್ತದೋ ಇಲ್ಲವೋ ಎನ್ನುವುದು ತೀರ್ಮಾನವಾಗುವುದು ಹಣ್ಣೇ ಇಲ್ಲದ ಕಾಲದಲ್ಲಿ. ಅರ್ಧ ತೀರ್ಮಾನ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಆಗುತ್ತದೆ. ಉಳಿದರ್ಧ ಹಿಂದಿನ ವರ್ಷ ಕೊಯ್ಲು ಮುಗಿದು ಎಲ್ಲರೂ ಮರವನ್ನು ಮರೆತ ತಿಂಗಳುಗಳಲ್ಲೇ ಆಗಿಬಿಟ್ಟಿರುತ್ತದೆ.

ಪೀಚ್ ಚಳಿಗೆ ಎಲೆ ಉದುರಿಸಿ ಮಲಗುವ ಮರ. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಇಂತಿಷ್ಟು ಗಂಟೆ ಕಳೆದ ಮೇಲಷ್ಟೇ ಅದರ ಮೊಗ್ಗು ಸರಿಯಾಗಿ ಎಚ್ಚರಗೊಳ್ಳುತ್ತದೆ. ಚಳಿ ಸಾಲದೆ ಹೋದರೆ ಅಲ್ಲೊಂದು ಇಲ್ಲೊಂದು ಹೂವು ಬಿಟ್ಟು, ಎಲೆ ತಡವಾಗಿ, ಅರ್ಧ ಕೊಂಬೆ ಬರಿದಾಗಿಯೇ ನಿಲ್ಲುತ್ತದೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಅದು ಸರಿಹೋಗುವುದಿಲ್ಲ. ಜಾರ್ಜಿಯಾದಲ್ಲಿ ಹುಟ್ಟಿದ ಹೆಸರಾಂತ ಎಲ್ಬರ್ಟಾ ತಳಿಗೆ 800 ಗಂಟೆಯ ಆಸುಪಾಸು ಚಳಿ ಬೇಕು. ಫೀನಿಕ್ಸ್ ಇರುವ ನಮ್ಮ ಕಣಿವೆಯಲ್ಲಿ 300, 400 ಗಂಟೆ ಸಿಕ್ಕರೆ ಒಳ್ಳೆಯ ವರ್ಷ. ಹಾಗಾಗಿ ನರ್ಸರಿಯಲ್ಲಿ ನಾನು ಹಣ್ಣಿನ ಚಿತ್ರ ನೋಡುವ ಮೊದಲು ಚೀಟಿಯಲ್ಲಿ ಚಳಿಯ ಗಂಟೆ ಎಷ್ಟು ಬರೆದಿದೆ ಎಂದು ನೋಡುತ್ತೇನೆ. 250 ದಾಟಿದ್ದರೆ ಅಲ್ಲೇ ಬಿಟ್ಟು ಬರುತ್ತೇನೆ. ನನ್ನ ಹಿತ್ತಿಲಲ್ಲಿರುವುದು ಡೆಸರ್ಟ್ ಗೋಲ್ಡ್ ಮತ್ತು ಫ್ಲೋರ್ಡಾಪ್ರಿನ್ಸ್. ಎರಡನೆಯದನ್ನು ಫ್ಲೋರಿಡಾ ವಿಶ್ವವಿದ್ಯಾಲಯ 1982ರಲ್ಲಿ ಹೊರತಂದಿತು. ಅದಕ್ಕೆ 150 ಗಂಟೆ ಸಾಕು. ಪಂಜಾಬಿನ ಬಯಲಿನಲ್ಲಿ ಲುಧಿಯಾನದ ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡುವ ಪೀಚ್‌ಗಳಲ್ಲಿ ಅದೂ ಒಂದು.

ಚಳಿಯ ಈ ಲೆಕ್ಕವನ್ನು ಎಲ್ಲರಿಗಿಂತ ಬೇಗ ಅರ್ಥ ಮಾಡಿಕೊಂಡವನು ತಿಕೋಟಾದಲ್ಲಿ ದ್ರಾಕ್ಷಿ ಮಾಡುವ ನನ್ನ ಅಣ್ಣ. ಅಲ್ಲಿ ಅಕ್ಟೋಬರ್ ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಆದ ಮೇಲೆ ಕಡ್ಡಿಯ ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಲಿ ಎಂದು ಹೈಡ್ರೋಜನ್ ಸೈನಮೈಡ್ ಹಚ್ಚುತ್ತಾರೆ. ಚಳಿ ಮಾಡಬೇಕಾದ ಕೆಲಸವನ್ನು ಔಷಧಿಯಿಂದ ಮಾಡಿಸುವುದು ಅದು. ವಿಡಿಯೊ ಕಾಲ್‌ನಲ್ಲಿ ನನ್ನ ಮರ ನೋಡಿದ ಅಣ್ಣ ಕೇಳಿದ, “ಕಣ್ಣ ಒಡೀಲಿಕ್ಕೆ ಏನೂ ಹಚ್ಚಂಗಿಲ್ಲೇನೋ ತಮ್ಮಾ?”

“ಇಲ್ಲಣ್ಣಾ, ಇಲ್ಲಿ ಥಂಡೀನ ಆ ಕೆಲಸ ಮಾಡತೈತಿ.”

“ಹಂಗಂದ್ರ ಥಂಡಿಗೆ ತಕ್ಕ ತಳಿ ಹಚ್ಚೀದಿ. ಅರ್ಧ ಕೆಲಸ ಅಲ್ಲೇ ಆತು ಬಿಡು.”

ಆ ಔಷಧಿ ಬಹಳ ವಿಷದ್ದು. ಮಕ್ಕಳು ಓಡಾಡುವ ಮನೆಯ ಹಿತ್ತಿಲಿಗೆ ಅದನ್ನು ತರುವ ಪ್ರಶ್ನೆಯೇ ಇಲ್ಲ. ತಳಿ ಸರಿಯಾಗಿದ್ದರೆ ಅದು ಬೇಕಾಗುವುದೂ ಇಲ್ಲ.

ಚಾಟ್ನಿಯ ವಿಷಯದಲ್ಲೂ ಅಣ್ಣನ ಮಾತು ನನಗೆ ದಾರಿದೀಪ. ಪೀಚ್ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯ ಮೇಲೆ ಮಾತ್ರ. ಹಳೆಯ ಕೊಂಬೆಯನ್ನು ಉಳಿಸಿಕೊಳ್ಳುತ್ತ ಹೋದರೆ ಹಣ್ಣು ವರ್ಷವರ್ಷ ಮೇಲಕ್ಕೇರಿ, ಕೊನೆಗೆ ಹಕ್ಕಿಗಳಿಗೆ ಮಾತ್ರ ಎಟುಕುತ್ತದೆ. ಜನವರಿಯಲ್ಲಿ ಹೊಸ ಕಡ್ಡಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಬಿಸಿಲು ಬಿದ್ದ ಮೈ ಕೆಂಪಗಿರುತ್ತದೆ, ನೆರಳಿನ ಮೈ ಹಸಿರು. ಹಲವು ಗೆಣ್ಣುಗಳಲ್ಲಿ ಮೂರು ಮೂರು ಮೊಗ್ಗು ಅಂಟಿಕೊಂಡಿರುತ್ತವೆ: ನಡುವಿನದು ಸಣ್ಣಗೆ ಚೂಪಾಗಿದ್ದರೆ ಎಲೆಯ ಮೊಗ್ಗು, ಅಕ್ಕಪಕ್ಕದಲ್ಲಿ ಬೂದು ತುಪ್ಪಟ ಹೊದ್ದು ಉಬ್ಬಿರುವವು ಹೂವಿನ ಮೊಗ್ಗು. ಹೂಮೊಗ್ಗು ದಟ್ಟವಾಗಿರುವ, ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಆರಿಸಿ ಉಳಿಸಿಕೊಂಡು, ಹಿಂದಿನ ವರ್ಷದ ಬೆಳವಣಿಗೆಯಲ್ಲಿ ಅರ್ಧದಷ್ಟನ್ನು ಧೈರ್ಯವಾಗಿ ತೆಗೆಯುತ್ತೇನೆ. ನಡುವೆ ಬೆಳಕು ಬೀಳುವಂತೆ ಮರವನ್ನು ಬಟ್ಟಲಿನಾಕಾರಕ್ಕೆ ತೆರೆದಿಡುತ್ತೇನೆ. ನೋಡಿದ ನೆರೆಯವರಿಗೆ ಮರವನ್ನು ಕೊಂದಂತೆ ಕಾಣುತ್ತದೆ. ಮಾರ್ಚ್ ಹೊತ್ತಿಗೆ ಅವರೇ ಬೇಲಿಯ ಮೇಲಿಂದ ಕೈಚಾಚಿ ಎಲೆ ಮುಟ್ಟಿ ನೋಡುತ್ತಾರೆ.

ಬೇಗ ಹೂಬಿಡುವ ತಳಿಗಳಿಗೆ ಒಂದು ಅಪಾಯವಿದೆ. ಜನವರಿ ಕೊನೆಗೆ ಹೂವು ಅರಳಿ, ಫೆಬ್ರವರಿಯಲ್ಲಿ ಒಂದು ರಾತ್ರಿ ಮೈನಸ್ 2, 3 ಡಿಗ್ರಿಗೆ ಇಳಿದರೆ ಬೆಳಗ್ಗೆ ದಳಗಳೆಲ್ಲ ಗುಲಾಬಿಯಾಗಿಯೇ ಇರುತ್ತವೆ. ಹೂ ಬಿಡಿಸಿ ನೋಡಿದರೆ ನಡುವಿನ ಶಲಾಕೆ ಕಪ್ಪಾಗಿರುತ್ತದೆ. ಅಂಥ ಮುನ್ಸೂಚನೆ ಇದ್ದ ರಾತ್ರಿ ಹಳೆಯ ಬೆಡ್‌ಶೀಟುಗಳನ್ನು ನೆಲ ಮುಟ್ಟುವಂತೆ ಹೊದಿಸಿದರೆ ಸಾಕಾಗುತ್ತದೆ.

ಕಾಯಿ ಬಾರಿಹಣ್ಣಿನಷ್ಟಾದಾಗ ಬರುವ ಕೆಲಸ ಮನಸ್ಸಿಗೆ ಕಷ್ಟದ್ದು. ಕಡ್ಡಿಯ ತುಂಬ ಒತ್ತೊತ್ತಾಗಿ ಕೂತ ಕಾಯಿಗಳಲ್ಲಿ ಗೇಣಿಗೊಂದನ್ನು ಬಿಟ್ಟು ಮಿಕ್ಕವನ್ನು ಕಿತ್ತು ಹಾಕಬೇಕು. ಮರದಡಿಯೆಲ್ಲ ಹಸಿರು ಕಾಯಿ ಹಾಸಿಬಿಡುತ್ತದೆ. ನನ್ನ ಹೆಂಡತಿ ಆ ದಿನ ಹಿತ್ತಿಲಿಗೇ ಬರುವುದಿಲ್ಲ. ಆದರೆ ಬೇಗ ಮಾಗುವ ತಳಿಗೆ ಹೂವಿನಿಂದ ಹಣ್ಣಿನವರೆಗೆ ಸಿಗುವುದು ಮೂರು ತಿಂಗಳಿಗೂ ಕಡಿಮೆ. ಅಷ್ಟರಲ್ಲಿ ನೂರಾರು ಕಾಯಿಗೆ ರಸ ತುಂಬಲು ಮರದಿಂದಾಗದು. ಕೀಳದೆ ಬಿಟ್ಟರೆ ಸಿಗುವುದು ಬೀಜ, ತೊಗಲು, ನಡುವೆ ಚೂರು ತಿರುಳು.

ಬೇಗ ಮಾಗುವ ತಳಿಯೇ ಬೇಕೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಅರಿಜೋನಾದಲ್ಲೂ ಮಳೆಗಾಲ ಉಂಟು. ಜುಲೈನಲ್ಲಿ ಗುಡುಗು ಸಹಿತ ಬರುತ್ತದೆ. ಅದರ ಜೊತೆಗೇ ಹಸಿರಾಗಿ ಮಿರುಗುವ ದೊಡ್ಡ ಜೀರುಂಡೆಗಳು ಬಂದು ಮಾಗಿದ ಹಣ್ಣಿನೊಳಗೆ ತಲೆ ಹುದುಗಿಸಿ ಕೂರುತ್ತವೆ. ಮೇ ತಿಂಗಳಲ್ಲೇ ಹಣ್ಣು ಮನೆ ಸೇರಿದ್ದರೆ ಆ ಕಾಟವೂ ಇಲ್ಲ, ಬಿಸಿಲಿನ ಕಾಟವೂ ಇಲ್ಲ. ಉಳಿಯುವುದು ಹಕ್ಕಿಗಳು, ಬಲೆ ಹಾಕುತ್ತೇನೆ. ಹಣ್ಣು ಕೆಂಪಾಯಿತೆಂದು ಕೀಳುವುದಿಲ್ಲ, ಈ ತಳಿಗಳಿಗೆ ಕೆಂಪು ಬಹಳ ಬೇಗ ಏರುತ್ತದೆ. ತೊಟ್ಟಿನ ಹತ್ತಿರದ ಹಸಿರು ಹಳದಿಗೆ ತಿರುಗಿ, ಮೂಗಿಗೆ ಹಿಡಿದರೆ ವಾಸನೆ ಬರಬೇಕು.

ಹಣ್ಣು ತಿಂದಾದ ಮೇಲೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಪೀಚ್ ಮರಕ್ಕೆ ನೀರು ಕಡಿಮೆಯಾಗುವುದನ್ನು ಕಂಡಿದ್ದೇನೆ. ನೀರಿನ ಬಿಲ್ ನೋಡಿದರೆ ಅದು ಸಹಜವೂ ಹೌದು. ಆದರೆ ಮುಂದಿನ ವರ್ಷದ ಹೂಮೊಗ್ಗು ಕಟ್ಟುವುದು ಇದೇ ಬೇಸಿಗೆಯಲ್ಲಿ. ದ್ರಾಕ್ಷಿಯಲ್ಲೂ ಹಾಗೆಯೇ, ಅಕ್ಟೋಬರ್ ಚಾಟ್ನಿಯಲ್ಲಿ ಕಾಣುವ ಗೊನೆ ಏಪ್ರಿಲ್ ಚಾಟ್ನಿಯ ಮುಂದಿನ ವಾರಗಳಲ್ಲೇ ಕಣ್ಣಿನೊಳಗೆ ಕಟ್ಟಿರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಾಯಾರಿದ ಪೀಚ್ ಮರ ಮರುವರ್ಷ ಜೋಡಿ ಹಣ್ಣು ಬಿಡುತ್ತದೆ. ಎರಡು ಹಣ್ಣು ಒಂದಕ್ಕೊಂದು ಬೆಸೆದು, ನಡುವಿನ ಆಳವಾದ ಸೀಳಿನಿಂದಲೇ ಕೊಳೆಯತೊಡಗುತ್ತವೆ. ಅದಕ್ಕೇ ನಾನು ಕಡುಬೇಸಿಗೆಯಲ್ಲಿ ಬುಡಕ್ಕಲ್ಲ, ಕೊಂಬೆಗಳ ಅಂಚಿನ ಕೆಳಗೆ ಸುತ್ತಲೂ ನೀರು ಬಿಡುತ್ತೇನೆ, ಎರಡಡಿ ಇಳಿಯುವಷ್ಟು. ಇಳಿಯಿತೋ ಇಲ್ಲವೋ ತಿಳಿಯಲು ಉದ್ದನೆಯ ಕಬ್ಬಿಣದ ಸರಳೊಂದಿದೆ. ಒದ್ದೆ ಮಣ್ಣಿನಲ್ಲಿ ಅದು ಸಲೀಸಾಗಿ ಹೋಗಿ, ಒಣಮಣ್ಣು ಸಿಕ್ಕಲ್ಲಿ ನಿಲ್ಲುತ್ತದೆ. ಮೇಲೆ ಮರದ ಚಕ್ಕೆಗಳ ಹೊದಿಕೆ, ಕಾಂಡಕ್ಕೆ ಬಿಳಿ ಲೇಟೆಕ್ಸ್ ಬಣ್ಣ ಮತ್ತು ನೀರು ಸಮಪಾಲು ಬೆರೆಸಿ ಬಳಿದ ಪದರ. ತೊಗಟೆ ಬಿಸಿಲಿಗೆ ಸುಟ್ಟು ಬಿರಿದರೆ ಕಾಂಡಕೊರಕ ಹುಳು ಅಲ್ಲಿಂದಲೇ ಒಳಸೇರುತ್ತದೆ.

ನೆಡುವ ಮೊದಲು ಗುಂಡಿಯಲ್ಲಿ ನೀರು ತುಂಬಿ ನೋಡುವುದನ್ನು ಹೇಳದೆ ಬಿಡಬಾರದು. ಇಲ್ಲಿನ ಮಣ್ಣಿನಡಿ ಹಲವು ಕಡೆ ಸುಣ್ಣಗಲ್ಲಿನ ಗಟ್ಟಿ ಪದರವಿದೆ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಪೀಚ್‌ಗೆ ಆಗಿಬರುವುದಿಲ್ಲ. ಸುಣ್ಣ ಹೆಚ್ಚಿದ್ದಲ್ಲಿ ನರ ಮಾತ್ರ ಹಸಿರುಳಿದು ಎಲೆ ಹಳದಿಯಾಗುವುದೂ ಉಂಟು. ಅದು ಕಬ್ಬಿಣದ ಕೊರತೆ.

ಬೆಂಗಳೂರಿನ ಗೆಳೆಯರು ಫೋಟೊ ನೋಡಿ, ಈ ಸಸಿ ನಮಗೂ ಆಗುತ್ತದೆಯೇ ಎಂದು ಕೇಳುತ್ತಾರೆ. ಫೀನಿಕ್ಸ್‌ಗಿಂತ ಬೆಂಗಳೂರು ತಂಪಲ್ಲವೇ ಎನ್ನುವುದು ಅವರ ವಾದ. ಬೇಸಿಗೆಯ ಮಟ್ಟಿಗೆ ನಿಜ. ಆದರೆ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಫ್ಲೋರ್ಡಾಪ್ರಿನ್ಸ್ ಕೇಳುವ 150 ಗಂಟೆಯ ಲೆಕ್ಕದಲ್ಲಿ ಒಂದು ಗಂಟೆಯೂ ಅಲ್ಲಿ ಜಮೆಯಾಗುವುದಿಲ್ಲ. ಊಟಿ, ಕೂನೂರು, ಕೊಡೈಕೆನಾಲ್ ಕಡೆ ಜಾಗವಿದ್ದವರಿಗೆ ಧಾರಾಳವಾಗಿ ನೆಡಿ ಎನ್ನುತ್ತೇನೆ, ಅಲ್ಲಿ ಪೀಚ್ ಬೆಳೆದ ಅನುಭವ ಹಳೆಯದು. ಜಯನಗರದ ಹಿತ್ತಿಲಿನವರಿಗೆ ಅಂಜೂರ ಹಾಕಿ ಎನ್ನುತ್ತೇನೆ.