ಮಟ್ಟು ಕಟ್ಟುವುದನ್ನು ಬಿಡಬೇಡಿ

ಪ್ರಶ್ನೆ: ನನಗೆ 64 ವರ್ಷ. ಹುಡುಗನಾಗಿದ್ದಾಗ ಹಾರ್ಮೋನಿಯಂ ಮೇಷ್ಟ್ರೊಬ್ಬರ ಹತ್ತಿರ ಕಲಿತು, ರಾಮನಗರ, ಮಾಗಡಿ, ಕನಕಪುರದ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳನ್ನು ಕಲಿಸುತ್ತಾ ಬೆಳೆದೆ. ಕ್ಯಾಸೆಟ್ಟಿನ ಕಾಲದಲ್ಲಿ ಗ್ರಾಮದೇವತೆಗಳ ಭಕ್ತಿಗೀತೆಗಳಿಗೆ ಸಂಗೀತ ಮಾಡಿ ಹೆಸರು, ನಾಲ್ಕು ಕಾಸು ಎರಡನ್ನೂ ನೋಡಿದೆ. ಆಮೇಲೆ ಸಾಲ ಮಾಡಿ ಕೀಬೋರ್ಡು, ಕಂಪ್ಯೂಟರು ತಂದು ಮನೆಯ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡೆ. ಕಷ್ಟಪಟ್ಟು ಕಲಿತ ಸಾಫ್ಟ್‌ವೇರ್ ಈಗ ಹೊಸ ಕಂಪ್ಯೂಟರಿನಲ್ಲಿ ಓಪನ್ ಆಗುವುದಿಲ್ಲ. ಹೊಸದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಕಲಿತೆ ಅನ್ನುವಷ್ಟರಲ್ಲಿ ಅದೂ ಬದಲಾಗಿರುತ್ತದೆ.

ಪ್ರತಿ ವರ್ಷ ಜಾತ್ರೆಗೆ ನನ್ನಿಂದಲೇ ಹಾಡು ಮಾಡಿಸುತ್ತಿದ್ದ ದೇವಸ್ಥಾನದ ಕಮಿಟಿಯವರು ಈ ಸಲ ಊರಿನ ಹುಡುಗನೊಬ್ಬ ಮೊಬೈಲಿನಲ್ಲಿ ಎಐ ಬಳಸಿ ಐದೇ ನಿಮಿಷದಲ್ಲಿ ಮಾಡಿದ ಹಾಡನ್ನು ಮೈಕಿನಲ್ಲಿ ಹಾಕಿದರು. ಜನ ಅದಕ್ಕೂ ಕುಣಿದರು. ‘ಅಪ್ಪ, ಒಂದೋ ಇದನ್ನ ಕಲಿತುಕೋ, ಇಲ್ಲಾ ನೆಮ್ಮದಿಯಾಗಿ ಮನೇಲಿರು’ ಅನ್ನುತ್ತಾನೆ ಮಗ. ಇದರ ನಡುವೆ ಒಬ್ಬರು ಬಂದು, ‘ನಿಮ್ಮ ಹಳೇ ರೆಕಾರ್ಡಿಂಗ್ ಎಲ್ಲಾ ಕೊಡಿ, ನಿಮ್ಮ ದನಿಯನ್ನ ಎಐಗೆ ಕಲಿಸ್ತೀವಿ’ ಎಂದು ಒಂದಿಷ್ಟು ಹಣದ ಆಸೆ ತೋರಿಸಿದ್ದಾರೆ. ಹಾರ್ಮೋನಿಯಂ ಪೆಟ್ಟಿಗೆ ಮುಟ್ಟಲೂ ಮನಸ್ಸಾಗುತ್ತಿಲ್ಲ. ಎಲ್ಲಾ ನಿಲ್ಲಿಸಿಬಿಡಲೇ?

– ಹೆಸರು ಬೇಡ, ಚನ್ನಪಟ್ಟಣ ತಾಲ್ಲೂಕು

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಮೂರು ನೋವುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕೈಗೆ ಒಗ್ಗಿದ್ದ ಸಾಫ್ಟ್‌ವೇರ್ ಕೈಕೊಟ್ಟ ಬೇಸರ ಒಂದು. ವರ್ಷ ವರ್ಷ ಬರುತ್ತಿದ್ದ ಕೆಲಸ ತಪ್ಪಿದ್ದು ಇನ್ನೊಂದು. ನಿಮ್ಮೂರೇ ನಿಮ್ಮೆದುರು ಬೇರೆ ಹಾಡಿಗೆ ಕುಣಿಯಿತಲ್ಲ ಎಂಬ ಅವಮಾನ ಮೂರನೆಯದು. ಮೂರೂ ಒಟ್ಟಿಗೆ ಮೇಲೆ ಬಿದ್ದಾಗ ನಿಲ್ಲಿಸಿಬಿಡೋಣ ಎನ್ನಿಸುವುದು ಸಹಜ. ಬಿಡಿಸಿ ನೋಡಿದರೆ ಒಂದೊಂದಕ್ಕೂ ಬೇರೆ ಬೇರೆ ದಾರಿಗಳಿವೆ.

ಮೊದಲು ಸಾಫ್ಟ್‌ವೇರ್ ವಿಷಯ. ಇದನ್ನು ನಿಮ್ಮ ವಯಸ್ಸಿನ ತಲೆಗೆ ಕಟ್ಟಬೇಡಿ. ‘ಕೇಕ್‌ವಾಕ್’ ಎಂಬ ಹಳೆಯ ಸಂಗೀತ ಸಾಫ್ಟ್‌ವೇರನ್ನು 2017ರಲ್ಲಿ ಅದರ ಒಡೆಯರೇ ಕೈಬಿಟ್ಟರು. ಮರುವರ್ಷ ಬೇರೊಂದು ಸಂಸ್ಥೆ ಅದನ್ನು ಕೊಂಡು ಪುಕ್ಕಟೆ ಹಂಚಿತು. 2023ರ ಮಾರ್ಚಿನಲ್ಲಿ ‘ವೇವ್ಸ್’ ಸಂಸ್ಥೆ ಇನ್ನು ಮೇಲೆ ಚಂದಾ ಮಾತ್ರ ಎಂದು ಸಾರಿ, ಬಳಕೆದಾರರು ತಿರುಗಿಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡಿತು. ‘ಕ್ಯೂಬೇಸ್’ ಬಳಸುವವರು ವರ್ಷಗಟ್ಟಲೆ ಜೋಪಾನ ಮಾಡಿದ್ದ, ಪರವಾನಗಿ ಇಟ್ಟುಕೊಳ್ಳುವ ಡಾಂಗಲ್ಲಿನ ವ್ಯವಸ್ಥೆಯೇ 2025ರಲ್ಲಿ ಮುಚ್ಚಿಹೋಯಿತು. ಇವೆಲ್ಲ ವ್ಯಾಪಾರದ ಲೆಕ್ಕಾಚಾರಗಳು. ಮೂವತ್ತರ ಸೌಂಡ್ ಎಂಜಿನಿಯರನಿಗೂ ಹಳೆಯ ಸೆಷನ್ ಓಪನ್ ಆಗದಿದ್ದರೆ ಇದೇ ತಲೆನೋವು.

ಇನ್ನು ಕೆಲಸದ ಮಾತು. ಸಮಾಧಾನ ಹೇಳಲೆಂದು ಸುಳ್ಳು ಹೇಳಲಾರೆ. ನಿಮ್ಮ ಆದಾಯದ ಒಂದು ಪಾಲು ಹಿಂದಿರುಗುವುದಿಲ್ಲ. ‘ಜಾತ್ರೆಗೆ ಮೈಕಿನಲ್ಲಿ ಹಾಕೋಕೆ ಏನೋ ಒಂದು ಹಾಡು ಇರಲಿ’ ಎನ್ನುವವರು ಇನ್ನು ಮೇಲೆ ದುಡ್ಡು ಕೊಡುವುದು ಕಡಿಮೆಯೇ. 2025ರಲ್ಲಿ ಬಂದ ಕನ್ನಡದ ‘ಲವ್ ಯು’ ಚಿತ್ರದಲ್ಲಿ ದೃಶ್ಯ, ಸಂಗೀತ, ದನಿ ಎಲ್ಲವನ್ನೂ ಎಐನಿಂದಲೇ ಮಾಡಿಸಿದ್ದರು. ಗಾಳಿ ಎತ್ತ ಬೀಸುತ್ತಿದೆ ಎಂಬುದು ನಿಮಗೂ ಗೊತ್ತು.

ಆದರೆ ಇಂಥ ಗಾಳಿ ಇದೇ ಮೊದಲಲ್ಲ. ನಿಮ್ಮ ಚನ್ನಪಟ್ಟಣವನ್ನೇ ನೋಡಿ. ಇಂದು ಊರಿನ ಹೆಸರು ಹೇಳಿದರೆ ಬೊಂಬೆ ನೆನಪಾಗುತ್ತದೆ. ಆದರೆ 1800ರಲ್ಲಿ ಈ ದಾರಿಯಲ್ಲಿ ಬಂದ ಪ್ರವಾಸಿ ಫ್ರಾನ್ಸಿಸ್ ಬುಕಾನನ್, ಇಲ್ಲಿ ತಯಾರಾಗುತ್ತಿದ್ದ ವಾದ್ಯಗಳ ಉಕ್ಕಿನ ತಂತಿಗೆ ಇದ್ದ ಖ್ಯಾತಿಯನ್ನು ಬರೆದಿಟ್ಟಿದ್ದಾನೆ. ಆ ತಂತಿಯ ಖ್ಯಾತಿ ಈಗ ಹಳೆಯ ಗೆಜೆಟಿಯರ್‌ಗಳಲ್ಲಿ ಉಳಿದಿದೆ. ತಂತಿ ಎಳೆಯುತ್ತಿದ್ದ ಮನೆಗಳಿಗೆ ಆದ ನಷ್ಟ ನಿಜವಾದ ನಷ್ಟವೇ. ವೀಣೆ ನುಡಿಸುವವರಂತೂ ಬೇರೆ ಕಡೆಯಿಂದ ತಂತಿ ತರಿಸಿಕೊಂಡು ನುಡಿಸುತ್ತಲೇ ಇದ್ದಾರೆ. ಸಂಗೀತದ ಸುತ್ತ ಇರುವ ಕಸುಬುಗಳಲ್ಲಿ ಯಾವುದು ಕಾಲಕ್ಕೆ ಸಿಕ್ಕಿ ಹೋಗುತ್ತದೆ, ಯಾವುದು ನಿಲ್ಲುತ್ತದೆ ಎಂದು ತಿಳಿದುಕೊಳ್ಳುವುದೇ ಈಗ ನಿಮ್ಮ ಮುಂದಿರುವ ಕೆಲಸ.

ನೀವು ಪ್ರೀತಿಸುವ ಹಾರ್ಮೋನಿಯಮ್ಮನ್ನೇ ನೋಡಿ. ಅದು ಯುರೋಪಿನಿಂದ ಬಂದದ್ದು. ನಮ್ಮ ಗಮಕಕ್ಕೆ ಒಗ್ಗದ ಪರದೇಶಿ ಪೆಟ್ಟಿಗೆ ಎಂದು ಆಕಾಶವಾಣಿ ಅದನ್ನು 1940ರಲ್ಲಿ ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಆ ಮೂರು ದಶಕವೂ ಹಳ್ಳಿಯ ನಾಟಕದ ಮೇಷ್ಟ್ರುಗಳು ಅದನ್ನು ಬಿಡಲಿಲ್ಲ. ಮುಂದೆ 1986ರ ತಮಿಳಿನ ‘ಪುನ್ನಗೈ ಮನ್ನನ್’ ಚಿತ್ರಕ್ಕೆ ಇಳಯರಾಜಾ ಕಂಪ್ಯೂಟರನ್ನು ದುಡಿಸಿಕೊಂಡರು. ನಾಟಕ, ಆರ್ಕೆಸ್ಟ್ರಾಗಳ ನಂಟಿದ್ದ ಹಂಸಲೇಖ 1987ರ ‘ಪ್ರೇಮಲೋಕ’ದಲ್ಲಿ ಎಲೆಕ್ಟ್ರಾನಿಕ್ ಸದ್ದುಗಳಿಗೆ ಕನ್ನಡದ ಮಾತಿನ ಲಯ ಕೂಡಿಸಿದರು. ಇಬ್ಬರೂ ಯಂತ್ರದ ಮುಂದೆ ಕೂರುವ ಮೊದಲೇ ತಮಗೆ ಬೇಕಾದದ್ದು ಏನೆಂದು ಅರಿತಿದ್ದರು.

ಒಂದು ಕಹಿ ಮಾತನ್ನೂ ಗೌರವದಿಂದಲೇ ಹೇಳುತ್ತೇನೆ. ನೀವು ಕೀಬೋರ್ಡು ತಂದಾಗ ಕ್ಲಾರಿಯೊನೆಟ್, ಮ್ಯಾಂಡೋಲಿನ್, ತಬಲಾದವರಿಗೆ ಬರುತ್ತಿದ್ದ ಕರೆ ಕಡಿಮೆಯಾಗಿರಬೇಕು. ನೀವು ಯಾರಿಗೂ ಕೇಡು ಬಯಸಲಿಲ್ಲ. ಬಜೆಟ್ ಕಡಿಮೆ ಇತ್ತು, ಕಂಪನಿ ಅವಸರ ಮಾಡುತ್ತಿತ್ತು. ಇಂದು ಕಮಿಟಿಯವರಿಗೂ ಅಂಥದೇ ಕಾರಣ ಇರಬಹುದು. ಇದನ್ನು ನೆನೆದರೆ ಅವರ ಮೇಲಿನ ಸಿಟ್ಟು ಕೊಂಚ ಇಳಿಯುತ್ತದೆ. ಸಿಟ್ಟು ಇಳಿದರೆ ಮತ್ತೆ ಅವರ ಜೊತೆ ಕೂತು ಮಾತಾಡಲು ಆಗುತ್ತದೆ.

ಈಗ ನಿಮ್ಮ ದಣಿವಿನ ಮೂಲಕ್ಕೆ ಬರೋಣ. ಕ್ಯಾಸೆಟ್ಟಿನ ಕಾಲದಲ್ಲಿ ನೀವು ಮಟ್ಟು ಕಟ್ಟುತ್ತಿದ್ದಿರಿ. ನುಡಿಸಲು ವಾದ್ಯದವರಿದ್ದರು, ಧ್ವನಿಮುದ್ರಣಕ್ಕೆ ರೆಕಾರ್ಡಿಸ್ಟ್ ಇದ್ದರು, ಮಾರಲು ಕಂಪನಿ ಇತ್ತು. ಮನೆಯಲ್ಲಿ ಸ್ಟುಡಿಯೊ ಬಂದ ಮೇಲೆ ಈ ಎಲ್ಲ ಕೆಲಸಗಳೂ ಒಬ್ಬರ ಹೆಗಲಿಗೆ ಬಿದ್ದವು. ಸಾಫ್ಟ್‌ವೇರ್ ಬದಲಾದಾಗಲೆಲ್ಲ ಬದಲಾದದ್ದು ಈ ಉಳಿದ ಕೆಲಸಗಳು. ಮಟ್ಟು ಕಟ್ಟುವ ನಿಮ್ಮ ವಿದ್ಯೆ ಹಾಗೇ ಇದೆ. ಕಬ್ಬಾಳಮ್ಮನ ಪರಸೆಗೆ ಹೋಗುವ ಹೆಂಗಸರು ಯಾವ ಶ್ರುತಿಯಲ್ಲಿ ಸೊಲ್ಲೆತ್ತಿದರೆ ದನಿ ಕೂಡಿಸಬಲ್ಲರು, ಪೂಜಾ ಕುಣಿತಕ್ಕೆ ತಮಟೆಯವರು ಎಲ್ಲಿ ನಡೆ ಬದಲಿಸುತ್ತಾರೆ, ಸೋಮನ ಕುಣಿತಕ್ಕೆ ಎಷ್ಟು ವೇಗ ಸಾಕು, ನಾಟಕದಲ್ಲಿ ದುರ್ಯೋಧನನ ಪಾತ್ರಕ್ಕೆ ನಿಂತವನ ಗಂಟಲು ಎಷ್ಟು ಮೇಲೆ ಹೋಗುತ್ತದೆ – ಇವನ್ನೆಲ್ಲ ನೀವು ಎದುರಿನ ಮನುಷ್ಯರನ್ನು ಕೇಳಿ ಕೇಳಿ ಕಲಿತಿರಿ. ಮೊಬೈಲಿನಿಂದ ಬಂದ ಹಾಡಿಗೆ ಜನ ಕುಣಿದರು ನಿಜ. ತಾವೂ ದನಿ ಕೂಡಿಸಿ ಹಾಡಿದರೇ? ಮುಂದಿನ ಜಾತ್ರೆಯಲ್ಲಿ ಗಮನಿಸಿ.

ಆದ್ದರಿಂದ ನನ್ನ ಸಲಹೆಗಳನ್ನು ಹೀಗೆ ಜೋಡಿಸುತ್ತೇನೆ.

ಮೊದಲು ಹಳೆಯದನ್ನು ಕಾಪಾಡಿ. ಹಳೆಯ ಕಂಪ್ಯೂಟರು ಇನ್ನೂ ನಡೆಯುತ್ತಿದ್ದರೆ ಅದಕ್ಕೆ ಇಂಟರ್ನೆಟ್ ಕೊಡಬೇಡಿ, ಅಪ್‌ಡೇಟ್ ಮಾಡಬೇಡಿ. ಒಂದೊಂದೇ ಹಾಡನ್ನು ತೆರೆದು, ಪ್ರತಿ ಟ್ರ್ಯಾಕನ್ನೂ ಹಾಡಿನ ಆರಂಭದಿಂದ ಕೊನೆಯವರೆಗೆ ಬೇರೆ ಬೇರೆ ವೇವ್ ಫೈಲಾಗಿ ತೆಗೆದಿಡಿ. ಕೀಬೋರ್ಡಿನ ಭಾಗಗಳಿದ್ದರೆ ಮಿಡಿ ಫೈಲನ್ನೂ ಇಡಿ. ಮಿಡಿ 1983ರಲ್ಲಿ ಬಂದದ್ದು, ಇಂದಿಗೂ ಸಂಗೀತದ ಬಹುತೇಕ ಸಾಫ್ಟ್‌ವೇರ್‌ಗಳು ಅದನ್ನು ಓದುತ್ತವೆ. ಎರಡು ಹಾರ್ಡ್‌ಡಿಸ್ಕಿನಲ್ಲಿ ಪ್ರತಿ ಮಾಡಿ, ಒಂದನ್ನು ನೆಂಟರ ಮನೆಯಲ್ಲಿಡಿ. ಪ್ರತಿ ಹಾಡಿಗೂ ಸಾಹಿತ್ಯ ಬರೆದವರು, ಹಾಡಿದವರು, ನುಡಿಸಿದವರು, ವರ್ಷ, ಶ್ರುತಿ, ತಾಳಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕ್ಯಾಸೆಟ್ ಮಾತ್ರ ಉಳಿದಿದ್ದರೆ ಎಐ ನಿಮ್ಮ ನೆರವಿಗೇ ಬರುತ್ತದೆ: ಒಂದೇ ಮುದ್ರಣದಿಂದ ಗಾಯನವನ್ನೂ ವಾದ್ಯಗಳನ್ನೂ ಬೇರ್ಪಡಿಸುವ ತಂತ್ರ ಈಗ ಸುಲಭವಾಗಿ ಸಿಗುತ್ತದೆ. ಜಾನ್ ಲೆನನ್ ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ದನಿಯನ್ನು ಇಂಥದೇ ತಂತ್ರದಿಂದ ಬಿಡಿಸಿ, 2023ರಲ್ಲಿ ಬೀಟಲ್ಸ್ ತಂಡದ ‘ನೌ ಅಂಡ್ ದೆನ್’ ಹಾಡನ್ನು ಹೊರತಂದರು. ನಿಮ್ಮ ಜೊತೆ ಹಾಡಿ ಈಗ ಇಲ್ಲವಾದವರ ದನಿಗೂ ಈ ಗೌರವ ಸಲ್ಲಬೇಕು.

ಎರಡನೆಯದು, ಒಂದೇ ಒಂದು ಸಾಫ್ಟ್‌ವೇರ್ ಆರಿಸಿಕೊಂಡು ಅದರಲ್ಲಿ ನಾಲ್ಕು ಕೆಲಸ ಕಲಿಯಿರಿ: ಧ್ವನಿಮುದ್ರಣ, ಕತ್ತರಿಸಿ ಜೋಡಿಸುವುದು, ಮಿಡಿ, ಕೊನೆಗೆ ಒಂದು ಫೈಲಾಗಿ ತೆಗೆಯುವುದು. ‘ರೀಪರ್’ ಎಂಬುದನ್ನು 60 ದಿನ ಪ್ರಯೋಗಕ್ಕೆ ಬಳಸಬಹುದು. ಬಳಿಕ ಸಣ್ಣ ಮೊತ್ತ ಕಟ್ಟಿದರೆ ಸಾಕು, ತಿಂಗಳ ಚಂದಾ ಇಲ್ಲ. ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಹೊಸದು ಬಂತೆಂದು ಪ್ರತಿ ಬಾರಿ ಬೆನ್ನು ಹತ್ತಬೇಡಿ.

ಮೂರನೆಯದು, ಆ ಹುಡುಗನನ್ನು ಕರೆಸಿ ಮಾತಾಡಿಸಿ. ಅವನು ನಿಮ್ಮ ಶತ್ರುವಲ್ಲ. ಊರ ಜಾತ್ರೆಗೆ ಹಾಡು ಮಾಡಬೇಕೆಂಬ ಆಸೆ ಅವನಿಗೂ ಇತ್ತು. ಅವನಿಗೆ ಮೊಬೈಲು ಗೊತ್ತು, ಶ್ರುತಿ ಗೊತ್ತಿಲ್ಲದಿರಬಹುದು. ಅವನು ಮಿಕ್ಸಿಂಗ್ ನೋಡಿಕೊಳ್ಳಲಿ, ನೀವು ಅವನಿಗೆ ಸ್ವರಸ್ಥಾನ, ಲಯ, ‘ಳ’ಕಾರ ‘ಣ’ಕಾರಗಳ ಶುದ್ಧಿ ಕಲಿಸಿ. ಇಬ್ಬರ ಸಂಭಾವನೆಯನ್ನೂ ಮೊದಲೇ ಮಾತಾಡಿಕೊಳ್ಳಿ. ಬಿಡುವಿದ್ದಾಗ ಅವನನ್ನು ಜಾನಪದ ಲೋಕಕ್ಕೆ ಕರೆದೊಯ್ಯಿರಿ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ಆರಂಭಿಸಿದ ಆ ಜಾಗದಲ್ಲಿ ವಾದ್ಯಗಳನ್ನು ಕಣ್ಣಾರೆ ಕಂಡರೆ, ತನ್ನ ಮೊಬೈಲು ಯಾವುದನ್ನು ಅನುಕರಿಸುತ್ತಿದೆ ಎಂಬುದು ಅವನಿಗೇ ಹೊಳೆಯುತ್ತದೆ.

ನಾಲ್ಕನೆಯದು, ಕಮಿಟಿಯವರ ಬಳಿ ದೂರು ಒಯ್ಯಬೇಡಿ, ಯೋಜನೆ ಒಯ್ಯಿರಿ. ಊರಿನ ಹೆಂಗಸರು, ಮಕ್ಕಳು, ತಮಟೆಯವರನ್ನು ಸೇರಿಸಿ ದೇವಸ್ಥಾನದ ಮುಂದೆಯೇ ಹಾಡು ಕಲಿಸಿ ಮುದ್ರಿಸುವುದಾಗಿ ಹೇಳಿ. ಮಟ್ಟಿಗೆ ಇಷ್ಟು, ಕಲಿಸಲು ಇಷ್ಟು, ಮುದ್ರಣಕ್ಕೆ ಇಷ್ಟು ಎಂದು ಬಿಡಿಬಿಡಿಯಾಗಿ ದರ ಬರೆದುಕೊಡಿ. ಇನ್ನೊಂದು ಮಾತನ್ನೂ ಮೆಲ್ಲಗೆ ತಿಳಿಸಿ: ‘ಸುನೊ’ದಂಥ ಎಐ ಸೇವೆಯ ಉಚಿತ ಖಾತೆಯಲ್ಲಿ ಮಾಡಿದ ಹಾಡನ್ನು ಹಣ ಗಳಿಸಲು ಬಳಸುವಂತಿಲ್ಲ ಎಂಬುದು ಅದರದೇ ನಿಯಮ.

ಐದನೆಯದು ನಿಮ್ಮ ದನಿ. ಈಗ ಬಂದಿರುವವರಿಗೆ ಸದ್ಯಕ್ಕೆ ಆಗುವುದಿಲ್ಲ ಎಂದೇ ಹೇಳಿ. ಎ.ಆರ್. ರೆಹಮಾನ್ 2024ರ ‘ಲಾಲ್ ಸಲಾಮ್’ ಚಿತ್ರದ ಹಾಡಿಗೆ ದಿವಂಗತರಾದ ಬಂಬಾ ಬಾಕಿಯಾ, ಶಾಹುಲ್ ಹಮೀದ್ ಅವರ ದನಿಯನ್ನು ಎಐನಿಂದ ತರುವಾಗ ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿದ್ದಾಗಿ ತಿಳಿಸಿದರು. ಅದೇ ವರ್ಷ ಜುಲೈನಲ್ಲಿ ಬಾಂಬೆ ಹೈಕೋರ್ಟ್, ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಒಪ್ಪಿಗೆಯಿಲ್ಲದೆ ಎಐನಲ್ಲಿ ನಕಲು ಮಾಡದಂತೆ ಮಧ್ಯಂತರ ಆದೇಶ ಕೊಟ್ಟಿತು. ಯಾವ ಹಾಡಿಗೆ, ಎಷ್ಟು ಕಾಲ, ಎಷ್ಟು ಹಣ, ಬೇಡವೆಂದರೆ ಅಳಿಸುವ ಬಗೆ ಹೇಗೆ – ಇವೆಲ್ಲ ಬರಹದಲ್ಲಿ ಬರುವವರೆಗೆ ಒಂದು ಕ್ಯಾಸೆಟ್ಟನ್ನೂ ಕೊಡಬೇಡಿ. ಅದರಲ್ಲಿ ಬೇರೆ ಗಾಯಕರ ದನಿ ಇದ್ದರೆ ಅದನ್ನು ಕೊಡುವ ಹಕ್ಕು ನಿಮ್ಮದಲ್ಲ ಎಂಬುದೂ ನೆನಪಿರಲಿ.

ಹಳೆಯ ಕಂಪನಿಗಳ ಕರಾರು ಪತ್ರಗಳನ್ನೂ ಹುಡುಕಿ ತೆಗೆಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಕಟ್ಟಿದ ಮಟ್ಟಿನ ಹಕ್ಕು ನಿಮ್ಮ ಜೀವಿತಾವಧಿಗೂ ಆಮೇಲೆ 60 ವರ್ಷಕ್ಕೂ ಇರುತ್ತದೆ. 2012ರ ತಿದ್ದುಪಡಿ ಸಂಗೀತ ಸಂಯೋಜಕರ ಮತ್ತು ಗೀತರಚನೆಕಾರರ ರಾಯಧನದ ಹಕ್ಕನ್ನು ಗಟ್ಟಿ ಮಾಡಿತು. ನೀವು ಯಾವುದನ್ನು ಬರೆದುಕೊಟ್ಟಿದ್ದೀರಿ, ಏನು ಉಳಿದಿದೆ ಎಂಬುದನ್ನು ವಕೀಲರಿಂದ ಓದಿಸಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. ರಾಯಧನ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವಕ್ಕೆ ಅರ್ಜಿ ಹಾಕಿ. ಕೈ ತೀರಾ ಬಿಗಿಯಾಗಿದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನದ ಬಗ್ಗೆ ಕೇಳಲು ಸಂಕೋಚ ಬೇಡ. ದುಡಿದ ಕಲಾವಿದರಿಗೆಂದೇ ಇರುವ ಸೌಲಭ್ಯ ಅದು.

ಮಗನ ಮಾತು ಒರಟಾಗಿ ಬಂದಿದೆ. ಅಪ್ಪ ರಾತ್ರಿಯೆಲ್ಲ ಕಂಪ್ಯೂಟರಿನೊಡನೆ ಗುದ್ದಾಡುವುದನ್ನು ನೋಡಲಾಗದ ಸಂಕಟವೂ ಅದರೊಳಗೆ ಇದ್ದೀತು. ‘ಎಲ್ಲಾ ಕಲಿಸು’ ಎಂದು ಅವನನ್ನು ಕೇಳಬೇಡಿ. ‘ಭಾನುವಾರ ಕೂತು ಈ ಕ್ಯಾಸೆಟ್‌ಗಳನ್ನ ಫೈಲ್ ಮಾಡಿಕೊಡು’ ಎಂದು ಒಂದೇ ಕೆಲಸ ಕೇಳಿ. ಹಾಡು ಕೇಳುತ್ತಾ ಕೂತರೆ ಅದರ ಹಿಂದಿನ ಕಥೆ ನೀವು ಹೇಳುತ್ತೀರಿ. ಅಪ್ಪನ ಕೆಲಸ ಎಂಥದಿತ್ತು ಎಂದು ಅವನು ಸರಿಯಾಗಿ ತಿಳಿಯುವುದು ಆಗಲೇ.

ಹೀಗೆ ಮಾಡಿದ ಮೇಲೂ ವಾರಗಟ್ಟಲೆ ನಿದ್ದೆ, ಊಟ ಸೇರದೆ ಮನಸ್ಸು ಕುಗ್ಗಿಯೇ ಇದ್ದರೆ ವೈದ್ಯರನ್ನು ಕಾಣಿರಿ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ಎಲ್ಲವನ್ನೂ ಒಬ್ಬರೇ ಹೊರುವುದನ್ನು ನಿಲ್ಲಿಸಿ, ಮೇಷ್ಟ್ರೇ. ಮುದ್ರಣ, ಮಿಕ್ಸಿಂಗ್, ಮೊಬೈಲು ಬಲ್ಲವರು ಊರಲ್ಲಿ ಈಗ ಬೇಕಾದಷ್ಟು ಜನರಿದ್ದಾರೆ. ಜಾತ್ರೆಗೆ ಬಂದವರೆಲ್ಲ ಬಾಯಿಬಿಟ್ಟು ಹಾಡುವಂಥ ಮಟ್ಟು ಕಟ್ಟಬಲ್ಲವರು ಕಡಿಮೆ. ನೀವು ಆ ಕಡಿಮೆ ಜನರಲ್ಲಿ ಒಬ್ಬರು. ಆ ಕೆಲಸವನ್ನು ಮುಂದುವರಿಸಿ, ನಿಮ್ಮ ಕಣ್ಣೆದುರೇ ಇನ್ನಿಬ್ಬರಿಗೆ ಕಲಿಸಿ.